ಮಗುಚಿದ ತೊಟ್ಟಿ, ತುಂಬಿದ ಡ್ರಮ್ಮು



1883ರ ಮಾತು. ಬೆಂಗಳೂರು ದಂಡಿಗೆ ಸೇನಾ ವೈದ್ಯರಾಗಿ ಬಂದ ರೊನಾಲ್ಡ್ ರಾಸ್ ಅವರ ಬಂಗಲೆಯಲ್ಲಿ ಸೊಳ್ಳೆ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ಮಿಜಿಗುಡುವುದನ್ನು ಕಂಡ ಅವರು ತೊಟ್ಟಿಯನ್ನೇ ಮಗುಚಿಹಾಕಿದರು. ಕಾಟ ತಗ್ಗಿತು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಅವರಿಗೂ ತಿಳಿದಿರಲಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಅವರು ಕಂಡದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. 1902ರಲ್ಲಿ ನೊಬೆಲ್ ಬಂತು.

ಇಂದು ಬೆಂಗಳೂರನ್ನು ಕಾಡುತ್ತಿರುವುದು ಡೆಂಗಿ. ಅದನ್ನು ಹರಡುವ ಈಡಿಸ್ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಚರಂಡಿಗಿಂತ ಮನೆಯ ತಿಳಿನೀರನ್ನೇ ಅರಸುತ್ತದೆ. ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ನೀರು ಚೆಲ್ಲಿದರೂ ಪಾತ್ರೆಯ ಒಳಬದಿಗೆ ಅಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ತಿಕ್ಕಿ ತೊಳೆಯಲೇಬೇಕು.

ಸಂಶೋಧನೆಯೂ ಮುಂದುವರಿದಿದೆ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಒಡಲಲ್ಲಿದ್ದರೆ ಈಡಿಸ್ ಸೊಳ್ಳೆಯೊಳಗೆ ಡೆಂಗಿ ವೈರಸ್ ಬೆಳೆಯುವುದು ಕಷ್ಟ. ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ ಇಂಥ ಸೊಳ್ಳೆಗಳನ್ನು ಬಿಟ್ಟ ಕಡೆ ಡೆಂಗಿ ಶೇ 77ರಷ್ಟು ತಗ್ಗಿತೆಂದು 2021ರಲ್ಲಿ ಪ್ರಕಟವಾಯಿತು.

ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ಆದರೆ ಶಿವಾಜಿನಗರ, ಹಲಸೂರಿನ ಓಣಿಗಳಲ್ಲಿ ನಲ್ಲಿ ದಿನವೂ ಬಾರದ ಮನೆಯವರಿಗೆ ಡ್ರಮ್ಮು ತುಂಬಿಸದೆ ಗತಿಯಿಲ್ಲ. ರಾಸ್ ತೊಟ್ಟಿ ಮಗುಚಿದರು. ಹಿಡಿದಿಟ್ಟ ಕುಡಿಯುವ ನೀರನ್ನು ಚೆಲ್ಲಿ ಎಂದು ಯಾರಿಗೆ ಹೇಳುವುದು? ಬಿಗಿಯಾಗಿ ಮುಚ್ಚುವುದು, ವಾರಕ್ಕೊಮ್ಮೆ ತಿಕ್ಕುವುದು ಮನೆಯವರ ಹೊಣೆ. ಡ್ರಮ್ಮಿನ ಅಗತ್ಯವೇ ಬಾರದಂತೆ ನಿತ್ಯ ನೀರು ಕೊಡುವುದು ಆಡಳಿತದ ಹೊಣೆ. ಎರಡನೆಯದನ್ನು ಮರೆತು ಮೊದಲನೆಯದಕ್ಕಷ್ಟೇ ದಂಡ ಹಾಕಿದರೆ ಸೊಳ್ಳೆ ಎಲ್ಲಿಗೂ ಹೋಗುವುದಿಲ್ಲ.