ಕುದುರೆ ಫಾರಂ ಕೈ ಬದಲಾದಾಗ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ನಿಮಗೆ ಸುಣ್ಣದ ಕಲ್ಲಿನ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ನಿಮ್ಮ ಮನೆಯ ಪಡಸಾಲೆಗೆ ಹಾಸಿರುವುದು ಅದೇ, ಶಾಲೆಯ ಮೆಟ್ಟಿಲೂ ಅದೇ. ಪುಣೆ ಮುಂಬಯಿಯ ಹಳೆಯ ಮನೆಗಳಲ್ಲಿ 'ಶಹಾಬಾದ್ ಫರಸಿ' ಎಂದರೆ ಇವತ್ತಿಗೂ ಗೊತ್ತು. ಕಾಗಿಣಾ ನದಿಯ ಎರಡೂ ದಂಡೆಗಳಲ್ಲಿ ಹಾಸುಹಾಸಾಗಿ ಮಲಗಿರುವ ಈ ಕಲ್ಲನ್ನು ನಂಬಿಕೊಂಡೇ ಸಿಮೆಂಟ್ ಕಾರ್ಖಾನೆಗಳು ಬಂದವು.

ಆದರೆ ಇದೇ ಜಾತಿಯ ಕಲ್ಲು ಬೇರೆ ದೇಶಗಳಲ್ಲಿ ಬೇರೆಯದೇ ಒಂದು ಉದ್ಯಮವನ್ನು ಬೆಳೆಸಿದೆ ಎಂಬುದು ನಿಮಗೆ ಗೊತ್ತೆ? ಅಮೆರಿಕದ ಕೆಂಟಕಿ ರಾಜ್ಯದಲ್ಲಿ, ಐರ್ಲೆಂಡಿನ ಕಿಲ್ಡೇರ್ ಪ್ರಾಂತದಲ್ಲಿ ಸುಣ್ಣದ ಕಲ್ಲಿನ ನೆಲದ ಮೇಲೆ ಹಸಿರು ಹುಲ್ಲು ಬೆಳೆಯುತ್ತದೆ. ಆ ಹುಲ್ಲಿನಲ್ಲಿ, ಆ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಅದನ್ನು ತಿಂದು ಕುಡಿದು ಬೆಳೆದ ಕುದುರೆ ಮರಿಯ ಎಲುಬು ಗಟ್ಟಿಯಾಗುತ್ತದೆ ಎಂದು ಅಲ್ಲಿಯವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಹೀಗಾಗಿ ಓಟದ ಕುದುರೆ ಬೆಳೆಸುವ ದೊಡ್ಡ ದೊಡ್ಡ ಫಾರಂಗಳು ಅಲ್ಲಿ ನೆಲೆ ನಿಂತವು. ಸುಣ್ಣದ ಕಲ್ಲೊಂದಿದ್ದರೆ ಸಾಲದು ಅನ್ನಿ. ವರ್ಷವಿಡೀ ಹಸಿ ಹುಲ್ಲು ಬೇಕು, ಅದಕ್ಕೆ ತಕ್ಕ ಮಳೆ ಬೇಕು, ಹಣವಂತ ಗಿರಾಕಿಗಳು ಬೇಕು. ನಮ್ಮ ತೊಗರಿ ಹೊಲಗಳ ಬಿಸಿಲು ಹುಲ್ಲಿಗೆ ಒಗ್ಗುವಂಥದಲ್ಲ. ಅಲ್ಲಿ ಕಲ್ಲು ಕುದುರೆಯ ಎಲುಬಾಯಿತು, ಇಲ್ಲಿ ಸಿಮೆಂಟಾಯಿತು.

ಇಂಥ ಕುದುರೆ ಫಾರಂಗಳು ಮಾಲೀಕರನ್ನು ಬದಲಿಸುವುದು, ಜಾಗ ಬದಲಿಸುವುದು, ಕೆಲವೊಮ್ಮೆ ಮುಚ್ಚಿಯೇ ಹೋಗುವುದು ಇವತ್ತಿನ ಮಾತಿನ ವಿಷಯ. ಕರ್ನಾಟಕದಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆಯಿದೆ. ಅದು ತುಮಕೂರು ಜಿಲ್ಲೆಯ ಕುಣಿಗಲ್.

ಮೊದಲು 'ಥರೋಬ್ರೆಡ್' ಎಂದರೇನು ನೋಡೋಣ. ಇದು ಓಟಕ್ಕೆಂದೇ ಮನುಷ್ಯ ಬೆಳೆಸಿದ ಕುದುರೆ ತಳಿ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನವರು ಪೂರ್ವದೇಶಗಳ ಗಂಡು ಕುದುರೆಗಳನ್ನು ತರಿಸಿ ತಮ್ಮ ಹೆಣ್ಣು ಕುದುರೆಗಳೊಂದಿಗೆ ಕೂಡಿಸಿದರು. ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಕುದುರೆಗಳ ಗಂಡು ಸಂತಾನವೇ ಇಂದು ಜಗತ್ತಿನ ಎಲ್ಲ ಥರೋಬ್ರೆಡ್‌ಗಳು. 1791ರಲ್ಲಿ ವೆದರ್ಬಿ ಎಂಬಾತ ಇವುಗಳ ವಂಶಾವಳಿಯ ಪುಸ್ತಕ ತಂದ. ಆ ಪುಸ್ತಕದಲ್ಲಿ ತಾಯಿ ತಂದೆಯ ಹೆಸರಿಲ್ಲದ ಕುದುರೆ ಎಷ್ಟೇ ವೇಗವಾಗಿ ಓಡಲಿ, ಥರೋಬ್ರೆಡ್ ಅಲ್ಲ. ನಮ್ಮ ದೇಶದ ವಂಶಾವಳಿ ಪುಸ್ತಕವನ್ನು ಪುಣೆಯಲ್ಲಿ ಇಡುತ್ತಾರೆ. ಹಸು ಎಮ್ಮೆಗಳಿಗೆ ಮಾಡುವ ಕೃತಕ ಗರ್ಭಧಾರಣೆಗೆ ಇಲ್ಲಿ ಅವಕಾಶವೇ ಇಲ್ಲ. ಗಂಡು ಹೆಣ್ಣು ಕುದುರೆಗಳು ಒಂದೆಡೆ ಸೇರಲೇಬೇಕು. ಹುಟ್ಟಿದ ಮರಿಯ ಡಿಎನ್‌ಎ ಪರೀಕ್ಷಿಸಿ ತಾಯಿ ತಂದೆ ಯಾರೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಜಾತಿಯ ವಿಷಯದಲ್ಲಿ ಮನುಷ್ಯರೇ ಇಷ್ಟು ಕಟ್ಟುನಿಟ್ಟು ಎಂದುಕೊಂಡಿದ್ದೆವು!

ಇನ್ನೊಂದು ತಮಾಷೆಯ ನಿಯಮವೂ ಇದೆ. ಮರಿ ವರ್ಷದ ಯಾವ ದಿನ ಹುಟ್ಟಿದರೂ ಲೆಕ್ಕಕ್ಕೆ ಅದರ ಹುಟ್ಟುಹಬ್ಬ ಜನವರಿ 1. ಕುದುರೆಯ ಗರ್ಭ ಹನ್ನೊಂದು ತಿಂಗಳು. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಪಾಪದ ಮರಿಗೆ ಮರುದಿನವೇ ಒಂದು ವರ್ಷ ತುಂಬಿಬಿಡುತ್ತದೆ! ಅದಕ್ಕಾಗಿ ಫೆಬ್ರವರಿಯ ಹೊತ್ತಿಗೆ ಕುದುರೆಗಳನ್ನು ಕೂಡಿಸಲು ಆರಂಭಿಸಿ, ಮುಂದಿನ ವರ್ಷದ ಮೊದಲ ತಿಂಗಳುಗಳಲ್ಲಿ ಮರಿ ಬರುವಂತೆ ನೋಡಿಕೊಳ್ಳುತ್ತಾರೆ. ಆ ಮರಿ ಬೆಳೆದು, ಪಳಗಿ, ಮೈದಾನಕ್ಕಿಳಿಯಲು ಇನ್ನೆರಡು ವರ್ಷ. ಅಂದರೆ ಈವತ್ತು ಹಾಕಿದ ದುಡ್ಡು ಮೂರು ವರ್ಷಕ್ಕೆ ಮೊದಲು ಕಣ್ಣಿಗೆ ಬೀಳುವುದಿಲ್ಲ. ಈ ಮೂರು ವರ್ಷದ ಮಾತನ್ನು ನೆನಪಿನಲ್ಲಿಡಿ.

ಈಗ ಕುಣಿಗಲ್ಲಿಗೆ ಬರೋಣ. ಬೆಂಗಳೂರಿನಿಂದ ಹಾಸನದ ದಾರಿಯಲ್ಲಿ ಸುಮಾರು 70 ಕಿಲೋಮೀಟರ್ ಹೋದರೆ ಸಿಗುವ ಊರು. ಊರಿಗೆ ಅಂಟಿಕೊಂಡೇ 400 ಎಕರೆಗೂ ಮಿಕ್ಕಿದ ಕುದುರೆ ಫಾರಂ ಇದೆ. ಇದರ ಮೂಲ ಹೈದರ್, ಟಿಪ್ಪು ಕಾಲಕ್ಕೆ ಹೋಗುತ್ತದೆ. ಆಗ ಬೇಕಾಗಿದ್ದುದು ಓಟದ ಕುದುರೆಯಲ್ಲ, ಯುದ್ಧದ ಕುದುರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಯಜಮಾನ ಬದಲಾದ, ಲಾಯ ಉಳಿಯಿತು. ಮುಂದೆ ಮೈಸೂರಿನ ಸಿಲ್ಲೇದಾರ್ ಅಶ್ವದಳಕ್ಕೆ ಇಲ್ಲಿ ಕುದುರೆ ಬೆಳೆಸಿದರು. ಮೋಟಾರು ಬಂದು, ಟ್ಯಾಂಕು ಬಂದು ಸೈನ್ಯಕ್ಕೆ ಕುದುರೆ ಬೇಡವಾಯಿತು. ಸ್ವಾತಂತ್ರ್ಯದ ನಂತರ ಪಶುಸಂಗೋಪನಾ ಇಲಾಖೆಯ ಕೈಯಲ್ಲಿ ಇದು ಓಟದ ಕುದುರೆಗಳ ಫಾರಂ ಆಗಿ ಮುಂದುವರಿಯಿತು. 1992ರಲ್ಲಿ ಸರ್ಕಾರ ಇದನ್ನು ವಿಜಯ್ ಮಲ್ಯ ಅವರ ಯುಬಿ ಗುಂಪಿಗೆ ಸೇರಿದ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆಗೆ 30 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಮಲ್ಯ 2016ರಲ್ಲಿ ದೇಶ ಬಿಟ್ಟರು. ಗುತ್ತಿಗೆಯ ಅವಧಿ 2022ರಲ್ಲಿ ಮುಗಿಯಿತು.

ಆ ಮೇಲೆ ಏನು? 2024ರಲ್ಲಿ ಈ ಜಾಗದಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಸರ್ಕಾರದಿಂದ ಬಂತು. ಕುಣಿಗಲ್ಲಿನ ಜನ ವಿರೋಧಿಸಿದರು. ಅವರಲ್ಲಿ ಹೆಚ್ಚಿನವರು ಒಂದು ದಿನವೂ ರೇಸಿಗೆ ಹೋದವರಲ್ಲ, ಕುದುರೆಯ ಬೆನ್ನೇರಿದವರೂ ಅಲ್ಲ. ಆದರೂ ಆ ಮರಗಳು, ಆ ಹಳೆಯ ಲಾಯಗಳು, ಬೇಲಿಯಾಚೆ ಓಡಾಡುವ ಮರಿಗಳು ತಮ್ಮ ಊರಿನ ಗುರುತು ಎಂದರು. ಸರ್ಕಾರದ ಕಡೆಯಿಂದಲೂ ಒಂದು ವಾದವಿದೆ. ಅದನ್ನೂ ನೀವು ಕೇಳಬೇಕು. ಬೆಂಗಳೂರಿಗೆ ಇಷ್ಟು ಹತ್ತಿರ, ಹೆದ್ದಾರಿಯ ಪಕ್ಕ, ಸರ್ಕಾರದ್ದೇ ಆದ ನಾನೂರು ಎಕರೆ ನೆಲವನ್ನು ಸಿರಿವಂತರ ಕುದುರೆಗಳಿಗಾಗಿ ಇಡಬೇಕೆ, ಜನರ ಮನೆಗಳಿಗೆ ಕೊಡಬೇಕೆ? ಪ್ರಶ್ನೆ ಸುಲಭದ್ದಲ್ಲ. ನನ್ನನ್ನು ಕೇಳಿದರೆ, ಎರಡು ಶತಮಾನ ಒಂದೇ ಕೆಲಸಕ್ಕೆ ನಿಂತ ನೆಲ ಇನ್ನೊಂದು ಸಿಗುವುದಿಲ್ಲ, ಮನೆಗಳಿಗೆ ಬೇರೆ ಜಾಗ ಸಿಕ್ಕೀತು ಎನ್ನುತ್ತೇನೆ. ನೀವು ಒಪ್ಪಲೇಬೇಕೆಂದಿಲ್ಲ. ನಿಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು.

ಕೈ ಬದಲಾಗುವುದು ನಿಮಗೆ ಅಪರಿಚಿತವೇನಲ್ಲ. ವಾಡಿಯ ಎಸಿಸಿ ಕಾರ್ಖಾನೆ 1968ರಲ್ಲಿ ಶುರುವಾಯಿತು. 2022ರಲ್ಲಿ ಆ ಕಂಪನಿಯೇ ಅದಾನಿ ಗುಂಪಿನ ಪಾಲಾಯಿತು. ಸೇಡಂನ ವಾಸವದತ್ತಾ ಸಿಮೆಂಟ್ ಕೇಸೋರಾಂ ಕಂಪನಿಯದಾಗಿತ್ತು, 2025ರ ಮಾರ್ಚ್‌ನಿಂದ ಅಲ್ಟ್ರಾಟೆಕ್‌ಗೆ ಸೇರಿತು. ಗೇಟಿನ ಬೋರ್ಡು ಬದಲಾಗುತ್ತದೆ, ಚೀಲದ ಮೇಲಿನ ಹೆಸರು ಬದಲಾಗುತ್ತದೆ, ಪಾಳಿಯ ಸೈರನ್ ಮಾತ್ರ ಅದೇ ಹೊತ್ತಿಗೆ ಕೂಗುತ್ತದೆ. ಯಾಕೆಂದರೆ ಸುಣ್ಣದ ಕಲ್ಲು ಎದ್ದು ನಡೆಯುವುದಿಲ್ಲ. ಕಲ್ಲಿರುವಲ್ಲಿಗೇ ಮಾಲೀಕ ಬರಬೇಕು.

ಕುದುರೆ ಫಾರಂ ಹಾಗಲ್ಲ. ಅಲ್ಲಿಯ ನಿಜವಾದ ಆಸ್ತಿಗೆ ನಾಲ್ಕು ಕಾಲುಗಳಿವೆ!

ಇದು ಚೆನ್ನಾಗಿ ತಿಳಿಯಬೇಕಾದರೆ ಐರ್ಲೆಂಡಿನ ಟಲ್ಲಿ ಎಂಬಲ್ಲಿ ನಡೆದದ್ದನ್ನು ಕೇಳಿ. ಹಾಲ್ ವಾಕರ್ ಎಂಬ ಶ್ರೀಮಂತ 1900ರಲ್ಲಿ ಅಲ್ಲಿ ಫಾರಂ ಮಾಡಿದ. 1915ರಲ್ಲಿ ಕುದುರೆಗಳನ್ನೆಲ್ಲ ಬ್ರಿಟಿಷ್ ಸರ್ಕಾರಕ್ಕೆ ದಾನ ಕೊಟ್ಟ. ಮುಂದೆ ಐರ್ಲೆಂಡ್ ಸ್ವತಂತ್ರವಾಯಿತು. 1943ರಲ್ಲಿ ಪಾಲು ಮುಗಿಯಿತು. ನೆಲ ಮತ್ತು ಕಟ್ಟಡ ಐರ್ಲೆಂಡಿಗೆ, ಕುದುರೆಗಳು ಇಂಗ್ಲೆಂಡಿಗೆ. ಬ್ರಿಟಿಷರು ಕುದುರೆಗಳನ್ನು ಸಮುದ್ರ ದಾಟಿಸಿ ಡಾರ್ಸೆಟ್ ಪ್ರಾಂತದ ಗಿಲ್ಲಿಂಗ್‌ಹ್ಯಾಮಿಗೆ ಒಯ್ದರು. ಐರ್ಲೆಂಡಿಗೆ ಒಳ್ಳೆಯ ಹುಲ್ಲು, ಬರಿದಾದ ಲಾಯ ಉಳಿಯಿತು. ಮುಂದೆ ಅವರು ರಾಷ್ಟ್ರೀಯ ಫಾರಂ ಕಟ್ಟಿ, 1953ರಲ್ಲಿ ಆಗಾಖಾನರಿಂದ ಟುಲ್ಯಾರ್ ಎಂಬ ಒಂದೇ ಗಂಡು ಕುದುರೆಗೆ ಎರಡೂವರೆ ಲಕ್ಷ ಪೌಂಡು ತೆರಬೇಕಾಯಿತು. ಬರಿದಾದ ಲಾಯವನ್ನು ಮತ್ತೆ ತುಂಬಿಸುವುದು ಅಷ್ಟು ದುಬಾರಿಯ ಕೆಲಸ.

ಒಂದು ಫಾರಂ ಮುಚ್ಚಿದಾಗ ನಡೆಯುವುದೂ ಇದೇ. ಒಳ್ಳೆಯ ತಾಯಿ ಕುದುರೆಗಳು ಮೊದಲು ಹರಾಜಾಗುತ್ತವೆ, ಒಂದು ಪಂಜಾಬಿಗೆ, ಒಂದು ಪುಣೆಗೆ. ಮೂರು ತಲೆಮಾರುಗಳ ಕಾಲ ಯಾವ ತಾಯಿಗೆ ಯಾವ ತಂದೆ ಹೊಂದುತ್ತದೆ ಎಂದು ನೋಡಿ ನೋಡಿ ಒಟ್ಟುಗೂಡಿಸಿದ ಹಿಂಡು ಒಂದು ಮಧ್ಯಾಹ್ನದಲ್ಲಿ ಚದುರುತ್ತದೆ. ವಂಶಾವಳಿ ಪುಸ್ತಕದಲ್ಲಿ ಹೆಸರುಗಳಿರುತ್ತವೆ, ಸರಿ. ಆದರೆ ಈ ಕುದುರೆ ಮರಿ ಹಾಕುವ ರಾತ್ರಿ ಹುರುಳಿ ಮುಟ್ಟುವುದಿಲ್ಲ, ಆ ಕುದುರೆ ಹೊಸಬರನ್ನು ಕಂಡರೆ ಒದೆಯುತ್ತದೆ ಎಂಬುದು ಪುಸ್ತಕದಲ್ಲಿಲ್ಲ. ಅದಿರುವುದು ಸೈಸನ ತಲೆಯಲ್ಲಿ. ಲಾಳ ಕಟ್ಟುವ ನಾಲಬಂದನಿಗೆ ಪ್ರತಿ ಗೊರಸಿನ ಓರೆಕೋರೆ ಗೊತ್ತು. ಕುದುರೆ ಮೆಂತೆ ಬೆಳೆದು ಫಾರಂಗೆ ಹಾಕುವ ರೈತನಿಗೆ ಯಾವ ತಿಂಗಳು ಎಷ್ಟು ಬೇಕೆಂಬ ಅಂದಾಜಿದೆ. ಕುದುರೆಗೆ ಗಿರಾಕಿ ಸಿಗುತ್ತಾನೆ. ಐವತ್ತು ದಾಟಿದ ಸೈಸನಿಗೆ ಸಿಗುವುದು ಕಷ್ಟ. ಶಹಾಬಾದಿನ ಹಳೆಯ ಕೆಲಸಗಾರರ ಮನೆಯ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಫಾರಂಗಳಿಗೆ ಈ ಗತಿ ಯಾಕೆ ಬರುತ್ತದೆ? ಕುದುರೆಗೆ ಬಯಲು ಬೇಕು, ನಗರಕ್ಕೂ ಬಯಲೇ ಬೇಕು. ಹುಲ್ಲಿಗಿಂತ ಸೈಟಿನ ಬೆಲೆ ಹೆಚ್ಚಾದ ದಿನ ಫಾರಂ ಇನ್ನೂ ದೂರ ಸರಿಯುತ್ತದೆ. ನಮ್ಮ ಗಡಿಯಾಚೆಯ ಹೊಸೂರನ್ನೇ ನೋಡಿ. 1824ರಲ್ಲಿ ಸೈನ್ಯದ ಕುದುರೆಗಳಿಗೆಂದು ಶುರುವಾದ ಜಾಗ ಅದು, ಮುಂದೆ ಹಸು ಎಮ್ಮೆಗಳ ಸರ್ಕಾರಿ ಫಾರಂ ಆಯಿತು. ಇನ್ನೊಂದು ಕಾರಣ ರೇಸು. ಥರೋಬ್ರೆಡ್ ಮರಿಯನ್ನು ಕೊಳ್ಳುವವ ರೇಸಿಗೆಂದೇ ಕೊಳ್ಳುತ್ತಾನೆ. ರೇಸು ಕೇವಲ ಜೂಜಲ್ಲ, ಅದರಲ್ಲಿ ಕೌಶಲವೇ ಮುಖ್ಯ ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಆದರೆ ತೆರಿಗೆಯವರು ಅದನ್ನು ಜೂಜಿನ ಸಾಲಿನಲ್ಲೇ ಕೂರಿಸಿದ್ದಾರೆ. 2023ರ ಅಕ್ಟೋಬರ್‌ನಿಂದ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇಕಡಾ 28 ಜಿಎಸ್‌ಟಿ ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 40. ಬಾಜಿ ಕಟ್ಟಿ ಮನೆ ಮಾರಿಕೊಂಡವರ ಕತೆ ಎಲ್ಲ ಊರಿನಲ್ಲೂ ಇದೆ, ಹಾಗಾಗಿ ತೆರಿಗೆಗೆ ಯಾರೂ ಅಳುವುದಿಲ್ಲ. ಆದರೆ ಲೆಕ್ಕ ನೋಡಿ. ಬಾಜಿ ಕಡಿಮೆಯಾದರೆ ಬಹುಮಾನದ ಹಣ ಕಡಿಮೆ, ಅದು ಕಡಿಮೆಯಾದರೆ ಮರಿ ಕೊಳ್ಳುವವರು ಕಡಿಮೆ. ಫಾರಂನವನು ಮರಿಗಾಗಿ ದುಡ್ಡು ಹಾಕಿದ್ದು ಮೂರು ವರ್ಷದ ಹಿಂದೆ. ಆಗ ಇದ್ದ ತೆರಿಗೆಯೇ ಬೇರೆ.

ಇದೆಲ್ಲ ಬೆಂಗಳೂರು, ಪುಣೆಯವರ ಮಾತು, ನಮಗೇನು ಎನ್ನಬೇಡಿ. ಕುದುರೆಯ ವ್ಯಾಪಾರ ನಿಮ್ಮ ಜಿಲ್ಲೆಗೆ ಹಳೆಯದು. 1470ರ ಸುಮಾರಿಗೆ ರಷ್ಯದಿಂದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಒಂದು ಗಂಡು ಕುದುರೆಯನ್ನು ಮಾರುವುದಕ್ಕೆಂದು ಹಡಗಿನಲ್ಲಿ ತಂದು, ಬಹಮನಿಗಳ ಬೀದರಿಗೆ ಬಂದ. ದಾರಿಯಲ್ಲಿ ಜುನ್ನರಿನ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡು ಅವನನ್ನು ಗೋಳಾಡಿಸಿದ್ದೂ ಉಂಟು. ಅವನು ಆಳಂದದ ಶೇಖ್ ಅಲಾವುದ್ದೀನರ ಜಾತ್ರೆಯ ಬಗ್ಗೆ ಬರೆದಿದ್ದಾನೆ. ಹತ್ತು ದಿನದ ಸಂತೆ, ಮಾರಾಟಕ್ಕೆ ಬರುವ ಕುದುರೆಗಳು ಇಪ್ಪತ್ತು ಸಾವಿರದವರೆಗೆ! ವ್ಯಾಪಾರಿಯ ಲೆಕ್ಕದಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಈ ದೇಶದಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆ ಹುಟ್ಟುತ್ತವೆ ಎಂದೂ ಅವನು ಬರೆದ. ಇಲ್ಲಿ ಕುದುರೆಗೆ ಸಕ್ಕರೆ, ಎಣ್ಣೆ ಹಾಕಿದ ಕಿಚಡಿ ತಿನ್ನಿಸುತ್ತಾರೆಂದು ಅವನಿಗೆ ಆಶ್ಚರ್ಯ. ನಿಜಾಮರ ಕಾಲದಲ್ಲಿ ನಿಮ್ಮ ಜಿಲ್ಲೆಯ ಹಲವು ಊರುಗಳು ಪಾಯಿಗಾ ಜಹಗೀರಿನಲ್ಲಿದ್ದವು. ಕುದುರೆ ದಂಡನ್ನು ಸಾಕುವುದಕ್ಕೆಂದು ಕೊಟ್ಟ ಜಹಗೀರು ಅದು. ಕುದುರೆ ಲಾಯಕ್ಕೆ ನಾವು 'ಪಾಗಾ' ಎನ್ನುವುದೂ ಆ ಕಡೆಯ ಮಾತೇ.

ಕುದುರೆ ಹುಟ್ಟುವುದಿಲ್ಲ ಎಂದ ನಿಕಿತಿನ್‌ಗೆ ಉತ್ತರ ಭೀಮಾ ನದಿಯೇ ಕೊಟ್ಟಿತು. ಹೊರಗಿನಿಂದ ಬಂದ ಅರಬ್ಬಿ ಕುದುರೆಗಳು ಇಲ್ಲಿಯ ತಟ್ಟುಗಳೊಂದಿಗೆ ಬೆರೆತು ಭೀಮಾ ತೀರದಲ್ಲಿ 'ಭೀಮಥಡಿ' ಎಂಬ ಗಿಡ್ಡ, ಗಟ್ಟಿ ತಳಿ ಬೆಳೆಯಿತು. ಮರಾಠರ ದಂಡು ಏರಿದ್ದು ಇದನ್ನೇ. ಆ ದಂಡು ಹೋದ ಮೇಲೆ ಕುರಿಗಾರರು ಇದನ್ನು ಉಳಿಸಿಕೊಂಡರು. ದೇಶದ ಎಂಟನೆಯ ಕುದುರೆ ತಳಿಯೆಂದು ಇದಕ್ಕೆ ಮಾನ್ಯತೆ ಸಿಕ್ಕಿದ್ದು ತೀರ ಈಚೆಗೆ. ಚಿಂಚೋಳಿ, ಸೇಡಂ ಕಡೆ ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಹಿಂಡು ಇಳಿದಾಗ ನೋಡಿ. ಕಂಬಳಿ, ಪಾತ್ರೆ, ಎಳೆಯ ಕುರಿಮರಿಗಳನ್ನು ಹೊತ್ತ ಸಣ್ಣ ಕುದುರೆಯೊಂದು ಹಿಂದಿನಿಂದ ಬರುತ್ತಿರುತ್ತದೆ. ಅದಕ್ಕೆ ಫಾರಂ ಇಲ್ಲ, ಗುತ್ತಿಗೆ ಇಲ್ಲ, ವಂಶಾವಳಿ ಪುಸ್ತಕವೂ ಇಲ್ಲ. ಅದರ ತಾಯಿ ಯಾವುದೆಂದು ಕುರಿಗಾರನನ್ನೇ ಕೇಳಬೇಕು, ಅವನು ಹೇಳುತ್ತಾನೆ.

ಕೊನೆಗೊಂದು ಮಾತು. ಎಲ್ಲ ಫಾರಂಗಳೂ ಮುಚ್ಚಿಯೇ ಹೋಗಬೇಕೆಂದಿಲ್ಲ, ಕೆಲವು ಬೇರೇನೋ ಆಗುತ್ತವೆ. ಪುಣೆಯ ಪೂನಾವಾಲಾ ಮನೆತನ 1946ರಲ್ಲಿ ಕುದುರೆ ಫಾರಂ ಆರಂಭಿಸಿತು. ಓಟಕ್ಕೆ ಒದಗದ, ವಯಸ್ಸಾದ ಕುದುರೆಗಳನ್ನು ಅವರು ಮುಂಬಯಿಯ ಹಾಫ್ಕಿನ್ ಸಂಸ್ಥೆಗೆ ಕೊಡುತ್ತಿದ್ದರು. ಅಲ್ಲಿ ಕುದುರೆಯ ರಕ್ತದಿಂದ ಸೀರಂ ತೆಗೆದು ಔಷಧ ಮಾಡುತ್ತಿದ್ದರು. ಹಾಗಾದರೆ ನಾವೇ ಯಾಕೆ ಮಾಡಬಾರದು ಎಂದು ಸೈರಸ್ ಪೂನಾವಾಲಾ 1966ರಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಸ್ಥಾಪಿಸಿದರು. ಕೋವಿಡ್ ಕಾಲದ ಕೋವಿಶೀಲ್ಡ್ ಲಸಿಕೆ ತಯಾರಾದದ್ದು ಅಲ್ಲೇ. ಹಾವಿನ ವಿಷಕ್ಕೆ ಕೊಡುವ ಔಷಧವನ್ನು ನಮ್ಮ ದೇಶದಲ್ಲಿ ಈಗಲೂ ಕುದುರೆಯಿಂದಲೇ ಪಡೆಯುತ್ತಾರೆ. ತಿಂಗಳುಗಟ್ಟಲೆ ತೀರ ಸಣ್ಣ ಪ್ರಮಾಣದ ವಿಷ ಚುಚ್ಚಿ, ಕುದುರೆಯ ರಕ್ತ ಅದನ್ನು ಎದುರಿಸಲು ಕಲಿತ ಮೇಲೆ ಆ ರಕ್ತದಿಂದ ಮದ್ದು ತೆಗೆಯುತ್ತಾರೆ. ತೊಗರಿ ಕೊಯ್ಲಿನಲ್ಲಿ ಹಾವು ಕಚ್ಚಿದವರನ್ನು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ತಂದಾಗ ಕೊಡುವ ಚುಚ್ಚುಮದ್ದು ಅದೇ. ಮುಂದೊಂದು ದಿನ ಅದರ ಸಣ್ಣ ಬಾಟಲಿ ಕಣ್ಣಿಗೆ ಬಿದ್ದರೆ ಲೇಬಲ್ ಓದಿ ನೋಡಿ. 'ಈಕ್ವೈನ್' ಎಂಬ ಪದ ಅಲ್ಲಿರುತ್ತದೆ. ಕುದುರೆಯಿಂದ ಬಂದದ್ದು ಎಂದು ಅದರ ಅರ್ಥ.