ಕಪ್ಪಾದ ಸಿಪ್ಪೆಯೊಳಗೆ

ಉಮ್ಮತ್ತೂರಿನ ಸುತ್ತಣ ಸೀಮೆಯಲ್ಲಿ, ಚಾಮರಾಜನಗರ ಗುಂಡ್ಲುಪೇಟೆಗಳ ಬಾಳೆತೋಟಗಳ ನಡುವೆ ಬಾಳುವ ಗೃಹಿಣಿಗೆ, ಗೊನೆಯ ಹಣ್ಣೆಲ್ಲವೂ ಏಕಕಾಲದಲ್ಲಿ ಮಾಗಿ ಸಿಪ್ಪೆ ಕಪ್ಪಿಡತೊಡಗಿದ ಪ್ರಾತಃಕಾಲವು ಚಿಂತೆಗೆ ಕಾರಣವಾಗಬೇಕಿಲ್ಲ. ಏಕೆಂದರೆ ಕಾಯಿಯೊಳಗಣ ಪಿಷ್ಟವು ಶರ್ಕರೆಯಾಗಿ ಪರಿಣಮಿಸಿ ಮಾಧುರ್ಯವು ಪರಾಕಾಷ್ಠೆಗೇರುವುದು ಆಗಲೇ. ಆ ಹಣ್ಣನ್ನು ಕಿವುಚಿ ಬೆಲ್ಲ, ಕಾಯಿತುರಿ, ಏಲಕ್ಕಿಗಳೊಡನೆ ಬೆರೆಸಿದರೆ ರಸಾಯನ. ಸಜ್ಜಿಗೆಯ ರವೆಯೊಡನೆ ತುಪ್ಪದಲ್ಲಿ ಬಾಡಿಸಿದರೆ ಸತ್ಯನಾರಾಯಣಪೂಜೆಯ ಪ್ರಸಾದ. ಕರಾವಳಿಯವರಾದರೋ ಮೈದಾ, ಮೊಸರು, ಜೀರಿಗೆ, ಚಿಟಿಕೆ ಸೋಡಗಳೊಡನೆ ಅದನ್ನು ನಾದಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಲಟ್ಟಿಸಿ ಎಣ್ಣೆಯಲ್ಲಿ ಕರಿದು, ಉಬ್ಬಿದ ಆ ಭಕ್ಷ್ಯವನ್ನು ಬನ್ಸ್ ಎಂದು ಕರೆವರು. ಸೊರಗುರೋಗದಿಂದ ವಿರಳವಾದ ನಂಜನಗೂಡಿನ ರಸಬಾಳೆ ದೊರೆತಾಗ ಮಾತ್ರ, ಅದೆಷ್ಟೇ ಮಾಗಿರಲಿ, ಒಲೆಯ ಬಳಿಗೊಯ್ಯಲು ನನ್ನ ಮನಸ್ಸು ಒಪ್ಪದು.