ಭಾರ, ಬಲ ಮತ್ತು ದೂರ



ಕಳಸ-ಕಾರ್ಕಳ ರಾಜ್ಯವನ್ನಾಳಿದ ಭೈರರಸ ವಂಶದ ವೀರಪಾಂಡ್ಯನು 1432ರಲ್ಲಿ ಕಾರ್ಕಳದ ಬಂಡೆಯ ಬೆಟ್ಟದ ಮೇಲೆ ಭಗವಾನ್ ಬಾಹುಬಲಿಯ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಅದು ಸುಮಾರು 42 ಅಡಿ ಎತ್ತರದ ಏಕಶಿಲಾ ವಿಗ್ರಹ. ತೂಕ ಸುಮಾರು 80 ಟನ್ ಎಂದು ಅಂದಾಜು. ಇಪ್ಪತ್ತು ಚಕ್ರಗಳ ಬಂಡಿಯಲ್ಲಿ ಅದನ್ನು ಬೆಟ್ಟದ ನೆತ್ತಿಗೆ ಎಳೆದು ತರಲು ಒಂದು ತಿಂಗಳು ಹಿಡಿಯಿತೆಂದು ಚಂದ್ರಮ ಕವಿಯು ‘ಕಾರ್ಕಳದ ಗೊಮ್ಮಟೇಶ್ವರ ಚರಿತೆ’ಯಲ್ಲಿ ವರ್ಣಿಸಿದ್ದಾನೆ. ಅಷ್ಟು ಭಾರವನ್ನು ನೇರವಾಗಿ ಮೇಲೆತ್ತುವುದು ಮನುಷ್ಯರ ತೋಳಿಗೆ ಅಸಾಧ್ಯ. ಬೆಟ್ಟದ ಇಳಿಜಾರು ಅದನ್ನು ಸಾಧ್ಯವಾಗಿಸಿತು.

ಇದರ ಗುಟ್ಟು ವ್ಯಾಪಾರಿಯ ಜಮಾ-ಖರ್ಚಿನಂತೆ ಸರಳವಾದುದು. ಯಂತ್ರವು ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ; ಬಲದಲ್ಲಿ ಉಳಿಸಿದುದನ್ನು ದೂರದಲ್ಲಿ ತೆರಬೇಕು.

ಕಾಫಿಯ ಕಣದಲ್ಲಿಯೇ ಇದನ್ನು ಕಾಣಬಹುದು. 50 ಕಿಲೋ ಮೂಟೆಯನ್ನು 4 ಅಡಿ ಎತ್ತರದ ಲಾರಿಗೆ ನೇರವಾಗಿ ಎತ್ತಲು ಪೂರ್ಣ 50 ಕಿಲೋ ಭಾರದಷ್ಟು ಬಲ ಬೇಕು. 12 ಅಡಿ ಹಲಗೆಯನ್ನು ಓರೆಯಾಗಿಟ್ಟು ತಳ್ಳಿದರೆ ಲೆಕ್ಕಕ್ಕೆ ಸುಮಾರು 17 ಕಿಲೋ ಭಾರದಷ್ಟು ಬಲ ಸಾಕು. ಆದರೆ ಸಾಗಬೇಕಾದ ದೂರ ಮೂರು ಪಟ್ಟು. ಹಲಗೆಯ ಉಜ್ಜುವಿಕೆಯೂ ತನ್ನ ಸುಂಕವನ್ನು ವಸೂಲು ಮಾಡುವುದರಿಂದ ಇನ್ನಷ್ಟು ಬಲ ಬೇಕಾಗುತ್ತದೆ. ಆ ಸುಂಕವನ್ನು ತಗ್ಗಿಸುವುದೇ ಚಕ್ರದ ಉಪಕಾರ.

ಬಾವಿಯ ರಾಟೆಯು ಭಾರವನ್ನು ತಗ್ಗಿಸದು. ಮೇಲಕ್ಕೆತ್ತುವುದರ ಬದಲು ಕೆಳಕ್ಕೆಳೆಯುವ ಅನುಕೂಲವನ್ನಷ್ಟೇ ಕೊಡುತ್ತದೆ. ಹಗ್ಗದ ಒಂದು ತುದಿಯನ್ನು ಮೇಲೆ ಕಟ್ಟಿ, ಭಾರದೊಡನೆಯೇ ಏರುವ ಇನ್ನೊಂದು ರಾಟೆಯನ್ನು ಸೇರಿಸಿದರೆ ಅರ್ಧ ಬಲ ಸಾಕು. ಆದರೆ ಭಾರವು ಒಂದಡಿ ಏರಲು ಎರಡಡಿ ಹಗ್ಗ ಎಳೆಯಬೇಕು. ಕಲ್ಲು ಮೀಟುವ ಹಾರೆಯದೂ ಇದೇ ನ್ಯಾಯ. ಆಸರೆಯಿಂದ ಕೈಯ ಕಡೆ ಐದಡಿ, ಕಲ್ಲಿನ ಕಡೆ ಒಂದಡಿ ಇದ್ದರೆ ಐದರಲ್ಲೊಂದು ಪಾಲು ಬಲ ಸಾಕು. ಆದರೆ ಕೈ ಐದಂಗುಲ ಇಳಿದಾಗ ಕಲ್ಲು ಒಂದೇ ಅಂಗುಲ ಏಳುತ್ತದೆ.

ಹೀಗಿರುವಾಗ, ಸಮಯ ಉಳಿಯಲೆಂದು ಗಿಡ್ಡ ಹಲಗೆಯನ್ನಿಡುವ ಯಜಮಾನನು ಏನನ್ನೂ ಉಳಿಸಿದಂತಾಗಲಿಲ್ಲ. ತಾನು ದೂರದಲ್ಲಿ ತೆರಬೇಕಾದುದನ್ನು ಹಮಾಲಿಯ ಬೆನ್ನಿನ ಖಾತೆಗೆ ಬರೆದನು, ಅಷ್ಟೆ. ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ‘ಅತಿಭಾರಾರೋಪಣ’ವನ್ನೂ, ಅಂದರೆ ಮಿತಿಮೀರಿ ಭಾರ ಹೇರುವುದನ್ನೂ, ಎಣಿಸಲಾಗಿದೆ. ಎತ್ತಿಗೂ ಆಳಿಗೂ ಅದು ಸಮಾನವಾಗಿ ಅನ್ವಯಿಸುತ್ತದೆ.

ವೀರಪಾಂಡ್ಯನ ಕಾಲದವರು ಒಂದು ತಿಂಗಳನ್ನು ತೆತ್ತು ಆ ಮಹಾಭಾರವನ್ನು ಏರಿಸಿದರು. ಹಲಗೆಯನ್ನು ಕೆಲವು ಅಡಿ ಉದ್ದವಾಗಿಸುವುದು ಯಾರಿಗೂ ದುಬಾರಿಯಾಗಲಾರದು.